ಚರಗ ಚೆಲ್ಲದ ಮೂಲೆ

ಶಹಾಪುರದ ಗುಡ್ಡ ಆ ದಿನ ಬೆಳಿಗ್ಗೆ ಸೂಗಮ್ಮನಿಗೆ ಎಲ್ಲರೂ ಅನ್ನುವ ಮಲಗಿದ ಬುದ್ಧನ ಹಾಗೆ ಕಾಣಲಿಲ್ಲ. ಎಚ್ಚರವಿದ್ದೂ, ಯಾರಾದರೂ ಕರೆದಾರೆಂದು ಕಣ್ಣು ಮುಚ್ಚಿಕೊಂಡವನ ಹಾಗೆ ಕಂಡಿತು. ಬಾಡಿಗೆ ಕೋಣೆಯ ಮಾಳಿಗೆಯ ಮೇಲೆ ನಿಂತು ಒದ್ದೆ ಕೂದಲನ್ನು ಬಿಸಿಲಿಗೆ ಹರವಿಕೊಂಡು ಅವಳು ಅದನ್ನೇ ನೋಡುತ್ತಿದ್ದಳು. ಬೇರೆ ಆದಿತ್ಯವಾರಗಳಲ್ಲಿ ಈ ಹೊತ್ತಿಗೆ ಮೈಯೊಳಗೆ ಒಂದು ಹಗುರ ಬಂದಿರುತ್ತಿತ್ತು. ವಾರವೆಲ್ಲ ಕಾಲುವೆ ಕಚೇರಿಯ ಗೇಜು, ಗೇಟು, ಅರ್ಜಿ ಹಿಡಿದು ಬಾಗಿಲಲ್ಲಿ ನಿಂತವರ ಮುಖ. ಆದಿತ್ಯವಾರ ಬಂದರೆ ನೀಲಕಂಠನ ಮೋಟರ್‌ಸೈಕಲ್ಲು, ಯಾವುದೋ ಊರು, ಯಾವುದೋ ಗುಡಿ, ಮುಸ್ಸಂಜೆಗೆ ಮಿರ್ಚಿ, ಚಹಾ. ಇಪ್ಪತ್ತಾರನೆಯ ವಯಸ್ಸಿಗೆ ತನಗೂ ಇಂಥದೊಂದು ದಿನ ಸಿಕ್ಕಿತಲ್ಲ ಎಂಬ ಆಶ್ಚರ್ಯ ಇನ್ನೂ ಹಳೆಯದಾಗಿರಲಿಲ್ಲ. ಇವತ್ತು ಮಾತ್ರ ಅದೇ ದಿನ ಬೇರೆ ಬಟ್ಟೆ ಹಾಕಿಕೊಂಡು ಬಂದಂತಿತ್ತು. ಎಳ್ಳ ಅಮಾವಾಸ್ಯೆ. ನೀಲಕಂಠನ ಮನೆಯವರು ಭೂಮ್ತಾಯಿಗೆ ಎಡೆ ಚೆಲ್ಲುವ ಚರಗಕ್ಕೆ ತಮ್ಮ ಹೊಲಕ್ಕೆ ಕರೆದಿದ್ದರು. ಕನ್ಯೆ ನೋಡುವ ಶಾಸ್ತ್ರ ಅಂತ ಯಾರೂ ಹೇಳಲಿಲ್ಲ, ಆದರೆ ಅವಳು ಕಚೇರಿಗೆ ಹಾಕಿಕೊಂಡು ಹೋಗುವ ಚೂಡಿದಾರವನ್ನು ಎತ್ತಿ ಮತ್ತೆ ಪೆಟ್ಟಿಗೆಯೊಳಗೇ ಇಟ್ಟು, ಹಸಿರು ಇಳಕಲ್ ಸೀರೆ ಉಟ್ಟಿದ್ದಳು.

ರಾತ್ರಿ ಅವ್ವ ಫೋನು ಮಾಡಿದ್ದಳು. ಊರಿನ ಕಿರಾಣಿ ಅಂಗಡಿಯ ಫೋನು. ಸುತ್ತ ಕೇಳುವವರಿರುತ್ತಾರೆಂದು ಅವ್ವ ಅದರಲ್ಲಿ ಯಾವಾಗಲೂ ಅರ್ಧ ಮಾತೇ ಆಡುವುದು. "ಅವರ ಹೊಲಕ್ಕ ಹೋಗಿ ಬಾ, ಬ್ಯಾಡನಲ್ಲಿಲ್ಲ. ಚಲೋ ಮಂದಿ ಅಂತ. ಆದ್ರ ಹೊತ್ತು ಮುಳುಗೂದ್ರಾಗ ಇಲ್ಲಿ ಬಾ. ನಿಮ್ಮಪ್ಪ ನಿನಗಂತ ಒಂದು ಮೂಲಿ ಚೆಲ್ಲದ ಬಿಡ್ತಾನಂತ." ಅಷ್ಟೆ. ನಡೆಯಲು ಕಲಿತಾಗಿನಿಂದ ತಮ್ಮ ಹೊಲದ ಚರಗದಲ್ಲಿ ಅಪ್ಪನ ಹಿಂದೆ ನೀರಿನ ತಂಬಿಗೆ ಹಿಡಿದು ಹೋಗುವವಳು ಅವಳೇ. ಅಪ್ಪ ಮುಂದೆ ಬುಟ್ಟಿಯಿಂದ ಚರಗ ಚೆಲ್ಲುವುದು, ಅವಳು ಹಿಂದೆ ಅದರ ಮೇಲೆ ನೀರು ಚಿಮುಕಿಸುವುದು. ಮನೆಯ ಹೆಣ್ಣುಮಗಳು ನೀರು ಹಾಕಬೇಕು, ಇಲ್ಲದಿದ್ದರೆ ಭೂಮ್ತಾಯಿ ಉಂಡು ಕೈತೊಳೆಯುವುದು ಹೇಗೆ? ಫೋನು ಇಡುವ ಮೊದಲು ಅವ್ವ ದನಿ ತಗ್ಗಿಸಿ ಇನ್ನೊಂದು ಕೇಳಿದ್ದಳು. ಎಂದೂ ಕೇಳದವಳು. "ಈ ಸರ್ತಿಯಾದ್ರೂ ನೀರು ಬರ್ತಾವೇನವ್ವ? ಮೆಣಸಿನಗಿಡಕ್ಕ ಒಂದು ಸಲ ಹಾದ್ರ ಸಾಕಾಗಿತ್ತು." "ಬಿಟ್ಟಾರಬೇ, ಬರ್ತಾವ," ಅಂದಿದ್ದಳು ಸೂಗಮ್ಮ. ಕಚೇರಿಯಲ್ಲಿ ಎಲ್ಲರಿಗೂ ಹೇಳುವ ಮಾತು ಅದು. ಹೇಳಿದ ಮೇಲೆ ತನ್ನ ದನಿಯಲ್ಲೇ ಮೇಜಿನ ತಂಪು ಕೇಳಿದಂತಾಗಿ ನಿದ್ದೆ ಬರಲಿಲ್ಲ.

ಬಸ್‌ಸ್ಟ್ಯಾಂಡಿನ ಮುಂದೆ ನೀಲಕಂಠ ಹೆಲ್ಮೆಟ್ಟು ತೆಗೆದು ನಿಂತಿದ್ದ. ರಂಗಂಪೇಟೆಯಲ್ಲಿ ಮನೆ, ಸುರಪುರದ ಕಾಲೇಜಿನಲ್ಲಿ ಇತಿಹಾಸದ ಪಾಠ. ಕೊರಳಲ್ಲಿ ಕ್ಯಾಮೆರಾ ನೇತಾಡುತ್ತಿತ್ತು. "ಸೀರಿ ಉಟ್ಟೀಯಲ್ಲ! ಈ ಗಾಡಿ ಮ್ಯಾಲೆ ಹೆಂಗ ಕೂಡ್ತಿ?" ಅಂದ. ಆಮೇಲೆ ಸುತ್ತ ನೋಡಿ, "ಕೂಡ್ರಿ ಮತ್ತ," ಅಂತ ಬಹುವಚನಕ್ಕೆ ಏರಿದ. ಊರೊಳಗೆ ನೀವು, ಊರು ದಾಟಿದ ಮೇಲೆ ನೀ. ಹತ್ತಿಗೂಡೂರು ಬರುವಷ್ಟರಲ್ಲಿ ಗಾಳಿ ಎಲ್ಲ ಬಹುವಚನಗಳನ್ನೂ ಕಿತ್ತುಕೊಂಡು ಹೋಗುತ್ತಿತ್ತು. ಅವನ ಬೆನ್ನಿನ ಹಿಂದೆ ಓರೆಯಾಗಿ ಕೂತು ರಸ್ತೆ ಬದಿಯನ್ನು ನೋಡುತ್ತ ಹೋಗುವುದು ಅವಳಿಗೆ ಗುಡಿಗಳಿಗಿಂತ ಹೆಚ್ಚು ಇಷ್ಟ. ಕಪ್ಪು ಎರೆ, ಅರಳೆ ಬಿಡಿಸಿದ ಮೇಲೂ ಅಲ್ಲಲ್ಲಿ ಬಿಳಿ ಉಳಿಸಿಕೊಂಡ ಹತ್ತಿ ಗಿಡ, ಬಂಡೆಯ ಮೇಲೆ ಬಂಡೆ ಯಾರೋ ಆಟಕ್ಕೆ ಇಟ್ಟಂತೆ ನಿಂತ ಗುಡ್ಡಗಳು. ಮೊದಲ ಆದಿತ್ಯವಾರ ಅವನು ಶಿರವಾಳಕ್ಕೆ ಕರೆದುಕೊಂಡು ಹೋಗಿದ್ದ. ಮುರಿದ ಗುಡಿಗಳ ನಡುವೆ ಓಡಾಡಿ ಒಂದೊಂದು ಬಾಗಿಲವಾಡವನ್ನೂ ಕೈಯಿಂದ ಸವರಿ ತೋರಿಸುತ್ತಿದ್ದ. ಅವಳು ಹಾಳು ಬಾವಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, "ಗುಡಿ ಛಾವಣಿ ನೀರೆಲ್ಲ ಇಲ್ಲೇ ಇಳೀತಿತ್ತು, ನೋಡ್ರಿ ಇಳಿಜಾರು ಹೆಂಗ ಕೊಟ್ಟಾರ," ಅಂದಾಗ ಅವನು ನಕ್ಕುಬಿಟ್ಟಿದ್ದ. "ನಿನಗ ದೇವರಿಗಿಂತ ಮೊದ್ಲು ಮೋರಿ ಕಾಣ್ತದ." ಮೊದಲ ಸಲ 'ನೀ' ಅಂದದ್ದು ಆಗಲೇ. ಆ ಏಕವಚನವನ್ನು ಅವಳು ಒಂದು ವಾರ ಸೆರಗಿನ ಗಂಟಿನಲ್ಲಿಟ್ಟುಕೊಂಡಂತೆ ಓಡಾಡಿದ್ದಳು. ನಾರಾಯಣಪುರದ ಅಣೆಕಟ್ಟೆಗೆ ಹೋದ ದಿನ ಗೇಟು ಎತ್ತಿದ್ದರು. ತುಂತುರು ಹಾರಿ ಬಂದು ಇಬ್ಬರ ಮುಖದ ಮೇಲೂ ಕೂತಿತ್ತು. ಕೃಷ್ಣೆ ಬೆಳ್ಳಗೆ ಗರ್ಜಿಸಿ ಬೀಳುವುದನ್ನು ನೋಡುತ್ತ, ಇಷ್ಟು ನೀರು ಇದೆಯಲ್ಲ, ಇಷ್ಟೊಂದು ಇದೆಯಲ್ಲ ಅಂದುಕೊಂಡಿದ್ದಳು. ಯಾಕೋ ಅಳು ಬಂದಿತ್ತು. ತುಂತುರಿನಲ್ಲಿ ಅದು ಅವನಿಗೆ ತಿಳಿಯಲಿಲ್ಲ.

ಸುರಪುರ ದಾಟಿ ಹುಣಸಗಿಯ ಕಡೆ ಹೊರಳಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ನಿಧಾನವಾಗಿ ಅಲ್ಲ, ಗೆರೆ ಎಳೆದ ಹಾಗೆ. ಕಾಲುವೆಯ ಏರಿ ಕಂಡದ್ದೇ ಗಾಳಿಗೆ ಕೆಸರಿನ ವಾಸನೆ ಬರುತ್ತದೆ. ಕೊಯ್ದ ಭತ್ತದ ಕೂಳೆ, ಅದರ ನಡುವೆ ಎರಡನೆಯ ಬೆಳೆಗೆ ಹಾಕಿದ ಸಸಿಮಡಿಗಳ ಎಳೆ ಹಸಿರು, ಬೆಳ್ಳಕ್ಕಿಗಳು. ಕಾಲುವೆಯ ನೀರು ಏರಿಯ ಎದೆಮಟ್ಟ ಹರಿಯುತ್ತಿತ್ತು. ಅವಳ ಕಣ್ಣು ತಾನಾಗಿಯೇ ಗೋಡೆಯ ಮೇಲಿನ ಅಳತೆಯ ಗೆರೆಗಳನ್ನು ಹುಡುಕಿತು. ಇಷ್ಟು ಇಲ್ಲಿದ್ದರೆ ಅಲ್ಲಿ ತಮ್ಮೂರಿಗೆ, ಕಾಲುವೆಯ ಕೊನೆಗೆ, ಮೊಣಕಾಲಷ್ಟಾದರೂ ಮುಟ್ಟಬೇಕಲ್ಲ? ಹೋದ ತಿಂಗಳು ಕಚೇರಿಗೆ ಟೇಲೆಂಡಿನ, ಅಂದರೆ ಆ ಕೊನೆಯ, ಊರುಗಳ ರೈತರು ಬಂದಿದ್ದರು. ಗುಂಪಿನಲ್ಲಿ ಹಿಂದೆ, ರುಮಾಲು ಕೈಯಲ್ಲಿ ಹಿಡಿದು, ಅಪ್ಪ. ಅವಳು ನೋಡಿದಳು. ಅವನೂ ನೋಡಿದ. ಯಾರೋ ಒಬ್ಬ ಜೋರು ಮಾಡಿದ, "ಕಾಲುವಿಯೊಳಗ ಮಣ್ಣು ಹಾರಾಕತ್ತದ, ನೀವು ನೀರು ಬಿಟ್ಟೀವಿ ಅಂತೀರಿ!" ಮೇಲಿನವರು ಒಳಗೆ ಕೂತಿದ್ದರು, ಬಾಗಿಲು ತೆರೆದಿತ್ತು. ತಾನು ಊರಿನವರ ಪರ ಅಂತ ಯಾರೂ ಅನ್ನಬಾರದೆಂದೋ ಏನೋ ಅವಳ ದನಿ ಬೇಕಾದ್ದಕ್ಕಿಂತ ಮೇಲೆ ಹೋಯಿತು. "ಗೇಜ್ ಪ್ರಕಾರ ಬಿಟ್ಟೀವ್ರಿ. ನಡುವ ನಿಮ್ಮೂರಾಗಿನವ್ರೇ ಕಾಲುವಿ ಒಡಕೊಂಡಿರ್ತೀರಿ, ಇಲ್ಲಿ ಬಂದು ನಮಗ ಕೇಳ್ತೀರಿ." ಹಿಂದಿನಿಂದ ಅಪ್ಪನ ದನಿ ಬಂತು, ಯಾವ ವ್ಯಂಗ್ಯವೂ ಇಲ್ಲದ ದನಿ. "ಹೌದ್ರಿ ಮೇಡಂ." ಅಷ್ಟಂದು ರುಮಾಲು ಸುತ್ತಿಕೊಂಡು ಎಲ್ಲರ ಜೊತೆ ಮೆಟ್ಟಿಲಿಳಿದ. ಅವನ ಚಪ್ಪಲಿಯ ಒಂದು ಬಾರಿಗೆ ತಂತಿ ಬಿಗಿದಿತ್ತು. ಆಮೇಲೆ ಊರಿಗೆ ಹೋದಾಗ ಅಪ್ಪ ಆ ಮಾತು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವ್ವನಿಗೆ ಗೊತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. "ಹೌದ್ರಿ ಮೇಡಂ" ಮಾತ್ರ ಎಲ್ಲೆಲ್ಲೋ ಕೇಳುತ್ತಿತ್ತು, ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುವಾಗ, ಬಸ್ಸಿನಲ್ಲಿ ಚಿಲ್ಲರೆ ಎಣಿಸುವಾಗ.

"ಬರ್ರಿ ಬರ್ರಿ, ಇಂಜಿನಿಯರಮ್ಮ ಬಂದ್ಲು!" ನೀಲಕಂಠನ ತಂದೆ ನಾಗಣ್ಣ ಬನ್ನಿ ಗಿಡದ ನೆರಳಿನಿಂದ ಎದ್ದು ಬಂದರು. ದೊಡ್ಡ ಮೈ, ದೊಡ್ಡ ನಗು, ಹೆಗಲ ಮೇಲೆ ಟವೆಲು. ಮಾವ ಅನ್ನಬೇಕೋ ಸರ್ ಅನ್ನಬೇಕೋ ತಿಳಿಯದೆ ಅವಳು ಕೈ ಮುಗಿದಳು. ಹಾಗೆ ಕೈ ಮುಗಿಯುವುದರಿಂದ ಎಷ್ಟೋ ಮಾತು ತಪ್ಪುತ್ತದೆ. ಗಿಡದ ಬುಡದಲ್ಲಿ ಐದು ಕಲ್ಲು ತೊಳೆದು ಸುಣ್ಣ ಹಚ್ಚಿ ಪಾಂಡವರೆಂದು ಕೂಡಿಸಿದ್ದರು. ಪಾರ್ವತಿಬಾಯಿ, ನೀಲಕಂಠನ ತಾಯಿ, ಬುಟ್ಟಿಗಳ ಬಟ್ಟೆ ಬಿಚ್ಚುತ್ತ ತಲೆಯೆತ್ತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟದಲ್ಲಿ ಕೆಟ್ಟದ್ದೇನಿರಲಿಲ್ಲ. ಸಂತೆಯಲ್ಲಿ ಕಾಳು ನೋಡುವವರು ಅಂಗೈಯಲ್ಲಿ ಹಿಡಿದು ನೋಡುತ್ತಾರಲ್ಲ, ಹಾಗೆ. "ಇಳಕಲ್ ಸೀರಿ ಉಟ್ಟಾಳ ನಮ್ಮವ್ವ. ನಾ ಎಲ್ಲಿ ಪ್ಯಾಂಟ್ ಹಾಕ್ಕೊಂಡು ಬರ್ತಾಳೋ ಅಂತ ಮಾಡಿದ್ದೆ." ಎಲ್ಲರೂ ನಕ್ಕರು. ಅವಳೂ ನಕ್ಕಳು. ಸಜ್ಜಿ ರೊಟ್ಟಿ, ಕಡುಬು, ಭಜ್ಜಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಇವೆಲ್ಲದರ ಚೂರು ಕಲಸಿದ ಚರಗದ ಬುಟ್ಟಿ ಬೇರೆ ಇತ್ತು. ಹೊಲದ ಆಳು ಮೈನುದ್ದೀನನ ಹೆಂಡತಿ ಮುನ್ನಿಬೀ ತಾಮ್ರದ ತಂಬಿಗೆ ಬೆಳಗಿ ತಂದಿಟ್ಟಳು. "ನಮಗ ಹೆಣ್ಣ ಹುಟ್ಟಲಿಲ್ಲ," ಅಂದರು ಪಾರ್ವತಿಬಾಯಿ. "ಇಷ್ಟು ವರ್ಷ ಮುನ್ನಿಬೀನೇ ನಮ್ಮ ಮನಿಮಗಳಾಗಿ ನೀರು ಹಾಕ್ಯಾಳ. ಈ ವರ್ಷ ನೀ ಹಾಕವ್ವ." ಮುನ್ನಿಬೀ ತಂಬಿಗೆಯನ್ನು ಸೂಗಮ್ಮನ ಕೈಗಿಟ್ಟು, "ನನ್ನ ನೌಕ್ರಿ ಹೋತು ಬಿಡ್ರಿ ಮೇಡಂ," ಅಂದಳು. ಎಲ್ಲರೂ ಮತ್ತೆ ನಕ್ಕರು. ತಂಬಿಗೆ ತಣ್ಣಗಿತ್ತು. ಇದು ಬರಿಯ ತಂಬಿಗೆಯಲ್ಲ ಅಂತ ಅವಳಿಗೆ ಗೊತ್ತಿತ್ತು. ಮೈಯೊಳಗೆ ಸಣ್ಣಗೆ ಏನೋ ತುಂಬಿಕೊಂಡಿತು. ಅದನ್ನು ಸಂತೋಷ ಎಂದೇ ಕರೆಯಬೇಕು. ನೀಲಕಂಠ ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದ. ಅವನ ಮುಖ ಕಾಣಲಿಲ್ಲ.

ನಾಗಣ್ಣ ಮುಂದೆ, ಅವಳು ಹಿಂದೆ. "ಹುಲ್ಲುಲ್ಲಿಗೋ!" ಎಂದು ಅವರು ಒಂದು ಹಿಡಿ ಎರಚಿದರೆ, ಹಿಂದಿನವರು "ಚಲ್ಲಂಬ್ರಿಗೋ!" ಅನ್ನಬೇಕು. ಅದರ ಅರ್ಥ ಅವಳಿಗೆ ಎಂದೂ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಭೂಮಿಗೆ ಗೊತ್ತಿದ್ದರೆ ಸಾಕು ಅನ್ನುತ್ತಿದ್ದ. ಬದುವಿನ ಮೇಲೆ ಕಾಲು ಜಾರದಂತೆ ನೆರಿಗೆ ಎತ್ತಿ ಹಿಡಿದು ಅವಳು ಮೆಲ್ಲಗೆ ಅಂದಳು. "ಗಟ್ಟ್ಯಾಗಿ ಅನ್ನವ್ವ, ಕಚೇರಿ ಅಲ್ಲ ಇದು," ಅಂತ ನಾಗಣ್ಣ ನಕ್ಕರು. ಮೊದಲ ಮೂಲೆ, ಎರಡನೆಯ ಮೂಲೆ. ಸಸಿಮಡಿಗಳಲ್ಲಿ ಆಕಾಶ ಬಿದ್ದಿತ್ತು. ಚರಗ ಬಿದ್ದಲ್ಲೆಲ್ಲ ಹಸಿ ನೆಲ. ಅದರ ಮೇಲೆ ಅವಳು ಹಾಕಿದ ನೀರು ಎಲ್ಲೂ ಇಂಗದೆ ಹಾಗೇ ನಿಲ್ಲುತ್ತಿತ್ತು. ಉಂಡವಳಿಗೆ ಮತ್ತೆ ಬಡಿಸಿದ ಹಾಗೆ. ಕಾಲುವೆಯ ಏರಿಯ ಕಡೆ ಹೊರಳಿದಾಗ ಹಿಂದಿನಿಂದ ನೀಲಕಂಠ, "ಅಪ್ಪಾ, ಸಾಕು, ಬಿಸಲಾಗ್ಯದ," ಅಂತ ಕೂಗಿದ. ನಾಗಣ್ಣ ತಿರುಗಿ ನೋಡದೆಯೇ, "ಮೂಲಿ ಬಿಟ್ಟು ಚರಗ ಚೆಲ್ಲಾಕ ಬರ್ತದೇನಲೇ?" ಅಂದರು.

ಅವಳಿಗೆ ಅದು ಕಾಣುವ ಮೊದಲು ಕೇಳಿಸಿತು. ಬಾಯಿ ತೆರೆದು ಮಲಗಿದವರ ಗಂಟಲಿನ ಸಪ್ಪಳದಂಥದು. ಮೂಲೆಯಲ್ಲಿ ಭತ್ತದ ಹುಲ್ಲಿನ ಸಣ್ಣ ಬಣವೆ. ಅದರ ಕೆಳಗಿಂದ, ಏರಿಯ ಹೊಟ್ಟೆ ತೂರಿ ಬಂದ ಕಪ್ಪು ಪೈಪು, ತೊಡೆಯಷ್ಟು ದಪ್ಪ, ಬಾಯಿತುಂಬ ನೀರು ಕಾರುತ್ತಿತ್ತು. ಹಗಲೂ ರಾತ್ರಿ ಕಾರುತ್ತಿರಬೇಕು, ಅದು ಬೀಳುವಲ್ಲಿ ನೆಲ ಬಾವಿಯಂತೆ ಕೊರೆದುಹೋಗಿತ್ತು, ಕಪ್ಪೆಗಳು ಮನೆ ಮಾಡಿದ್ದವು. ಇಂಥ ಪೈಪುಗಳ ಬಗ್ಗೆ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಅವು ಮೇಲಿನ ಸರಹದ್ದಿನ ಮಾತು, ಬೇರೆ ಕಚೇರಿಯ ತಲೆನೋವು. ತಲೆಯೊಳಗೆ ಅದು ಬರೀ ಒಂದು ಶಬ್ದವಾಗಿತ್ತು, 'ಸೋರಿಕೆ'. ಶಬ್ದಕ್ಕೆ ಇಂಥ ಸಪ್ಪಳ ಇರುತ್ತದೆಂದು, ಅದರ ಸುತ್ತ ಹುಲ್ಲು ಹೊದಿಸಿರುತ್ತಾರೆಂದು, ಅದರ ಬಾಯಿಯಲ್ಲಿ ಕಪ್ಪೆ ಕೂತಿರುತ್ತದೆಂದು ಅವಳು ಊಹಿಸಿರಲಿಲ್ಲ. ತಂಬಿಗೆ ಬಾಗಿಸಿದಳು. ಖಾಲಿಯಾಗಿತ್ತು. "ತುಂಬ್ಕೊ, ಅಲ್ಲೇ ತುಂಬ್ಕೊಳವ್ವ, ಪೈಪಿನಾಗ," ಅಂದರು ನಾಗಣ್ಣ, ಕೈಯಲ್ಲಿ ಕೊನೆಯ ಹಿಡಿ ಹಿಡಿದು. ಏನೂ ಮುಚ್ಚಿಡದ, ಮುಚ್ಚಿಡಬೇಕೆಂದೂ ಗೊತ್ತಿಲ್ಲದ ದನಿ. ಅವಳು ಬಾಗಿದಳು. ಇದನ್ನು ಆಮೇಲೆ ಎಷ್ಟು ಸಲ ನೆನೆದರೂ ಬಾಗಿದ್ದು ತಾನೇ ಎಂಬುದು ಬದಲಾಗಲಿಲ್ಲ. ಬಾಗಿ ತಂಬಿಗೆಯನ್ನು ಪೈಪಿನ ಬಾಯಿಗೆ ಹಿಡಿದಳು. ರಭಸಕ್ಕೆ ಕಣ್ಣೆವೆ ಬಡಿಯುವುದರೊಳಗೆ ತುಂಬಿತು. "ಹುಲ್ಲುಲ್ಲಿಗೋ!" "ಚಲ್ಲಂಬ್ರಿಗೋ," ಅಂದಳು. ನೀರು ಹಾಕಿದಳು.

ಊಟಕ್ಕೆ ಕೂತಾಗ ಎಲ್ಲರೂ ಅವಳ ಎಲೆಗೇ ಬಡಿಸಿದರು. ಭಜ್ಜಿ ಚೆನ್ನಾಗಿತ್ತು. ಅದು ಚೆನ್ನಾಗಿದ್ದದ್ದೇ ಅವಳಿಗೆ ಕಷ್ಟವಾಯಿತು. ಕೆಟ್ಟ ಮನುಷ್ಯರ ಮನೆಯ ಅಡುಗೆ ಕೆಟ್ಟಿದ್ದರೆ ಎಷ್ಟು ಸುಲಭ. ಇವರು ಕೆಟ್ಟವರೂ ಅಲ್ಲ. ಅವಳು ಪೈಪಿನ ಕಡೆ ನೋಡಿದ್ದನ್ನು ನಾಗಣ್ಣ ಗಮನಿಸಿದರು. "ಏನವ್ವ, ಪೈಪು ನೋಡಿ ಗಾಬ್ರಿ ಆದೇನು?" ರೊಟ್ಟಿ ಮುರಿಯುತ್ತ ಕಾಲುವೆಯ ಕಡೆ ತೋರಿಸಿದರು. "ಆ ಕಾಲುವಿ ನಮ್ಮಪ್ಪನ ಹೊಲದ ನಡುವ ಹೋಗ್ಯದ. ನಮ್ಮ ಭಾವಿ, ನಮ್ಮ ಮಾವಿನಗಿಡ ಎಲ್ಲಾ ಅದರ ಹೊಟ್ಯಾಗ ಅದಾವ. ಮಶೀನು ಬಂದ ದಿನ ನಮ್ಮಪ್ಪ ಉಣ್ಣಲಿಲ್ಲ. ಈಗ ಅದರಾಗಿನ ಒಂದು ಗುಟುಕು ನಾವು ಕುಡದ್ರ ಕಳ್ಳತನ ಅಂದ್ರ ಹೆಂಗ? ನೀನs ಹೇಳು." ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಮಾತಿನ ಇನ್ನೊಂದು ತುದಿಯಲ್ಲಿ ತಂತಿ ಬಿಗಿದ ಚಪ್ಪಲಿ ಇತ್ತು. "ಆಕೀಗೇನ ಕೇಳ್ತೀರಿ, ಉಣ್ಣಲಿ," ಪಾರ್ವತಿಬಾಯಿ ತುಪ್ಪ ಹಾಕಿದರು. "ಇನ್ನ ಮ್ಯಾಲೆ ಮನ್ಯಾಗೇ ಇಂಜಿನಿಯರಮ್ಮ ಇರ್ತಾಳ. ಯಾರ ಫಿಕರೂ ಇಲ್ಲ ನಮಗ." ಜೋಕಾಗಿತ್ತು ಅದು. ನೀಲಕಂಠ ಮಾತ್ರ ನಗಲಿಲ್ಲ. ಅವನು ನಗದಿದ್ದುದಕ್ಕೆ ಅವಳಿಗೆ ಒಂದು ಕ್ಷಣ ಅವನ ಮೇಲೆ ಎಂದಿಗಿಂತ ಹೆಚ್ಚು ಪ್ರೀತಿ ಬಂತು. ಹೊರಡುವಾಗ ಪಾರ್ವತಿಬಾಯಿ ಅವಳ ತಂದೆತಾಯಿಗೆಂದು ಬುತ್ತಿ ಕಟ್ಟಿಕೊಟ್ಟರು. ಹೊಸ ಟವೆಲಿನಲ್ಲಿ ಎರಡು ಗಂಟು ಹಾಕಿ, "ನಿಮ್ಮವ್ವಗ ಹೇಳು, ನಾಳೆ ಬಿಟ್ಟು ಮುಂದಿನ ಸೋಮವಾರ ನಾವೇ ಬರ್ತೀವಿ ಅಂತ," ಅಂದರು. ಅಂದರೆ ಸಂಬಂಧ ಆಯಿತು. ಎಲ್ಲ ಆಯಿತು.

ಮರಳುವ ದಾರಿಯಲ್ಲಿ ಅವಳು ಮತ್ತೆ ಗಾಡಿಯ ಹಿಂದೆ ಓರೆಯಾಗಿ ಕೂತಿದ್ದಳು. ಬುತ್ತಿ ತೊಡೆಯ ಮೇಲೆ ಇನ್ನೂ ಬೆಚ್ಚಗಿತ್ತು. ಸುರಪುರದ ಗುಡ್ಡಗಳು ಕಂಡಾಗ ನೀಲಕಂಠ ಗಾಡಿ ನಿಧಾನ ಮಾಡಿದ. "ನಿನಗ ಮೋರಿ ಮೊದ್ಲು ಕಾಣ್ತದಂತ ನನಗ ಗೊತ್ತಿತ್ತು. ಆ ಕಡಿ ಹೋಗಬ್ಯಾಡ ಅಂತ ಅಪ್ಪಗ ರಾತ್ರೀನೇ ಹೇಳಿದ್ದೆ."

"ಯಾವಾಗಿಂದ ಅದ?"

"ನಾ ಕಾಲೇಜಿಗೆ ಹೊಂಟಾಗಿಂದ. ಆ ದಂಡಿ ತುಂಬ ಅವ ಸೂಗಮ್ಮ, ನಮ್ಮದೊಂದೇ ಅಲ್ಲ."

"ಗೊತ್ತದ."

"ಗೊತ್ತಿದ್ರ ಇಷ್ಟು ದಿನ ಯಾಕ ಕೇಳಲಿಲ್ಲ?"

ಅವನು ಚುಚ್ಚಲು ಕೇಳಿದ್ದಲ್ಲ. ಒಂದು ಆದಿತ್ಯವಾರ ಇದೇ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಅವನು ದೂರದಿಂದ, "ಅಕಾ, ಆ ಬನ್ನಿ ಗಿಡ ಕಾಣ್ತದಲ, ಅದು ನಮ್ಮದು," ಅಂದಿದ್ದ. ಎಷ್ಟು ಹಸಿರು ಅನ್ನಿಸಿತ್ತು ಅವಳಿಗೆ. ಬಾವಿಯಲ್ಲಿ ಇಳಿಜಾರು ಕಂಡ ಕಣ್ಣಿಗೆ ಆ ಹಸಿರು ಎಲ್ಲಿಂದ ಬಂತೆಂದು ಕಾಣಲಿಲ್ಲವೆ? ಕಂಡಿತ್ತು. ಕಾಣದಿರಲೆಂದು ಅವಳು ಬೆಳ್ಳಕ್ಕಿ ನೋಡಿದ್ದಳು.

"ತೆಗಸ್ರಿ ಅದನ್ನ," ಅಂದಳು.

"ಅಪ್ಪಗ ಯಾರು ಹೇಳೋರು?"

"ನಾ ಹೇಳ್ತೀನಿ."

ಅವನು ಗಾಡಿ ನಿಲ್ಲಿಸಿಯೇಬಿಟ್ಟ. "ಯಾವ ಸಂಬಂಧಲೆ ಹೇಳ್ತಿ? ಸೊಸಿಯಾಗಿ ಹೇಳಿದ್ರ ಅಂವ ನಗ್ತಾನ. ಕಚೇರಿಯಾಕಿಯಾಗಿ ಹೇಳಿದ್ರ ಸೊಸಿ ಆಗೂದಿಲ್ಲ ನೀನು." ಅವನ ಮುಖ ಬಿಸಿಲಿಗೆ ಕೆಂಪಾಗಿತ್ತು, ಅಥವಾ ನಾಚಿಕೆಗೆ. "ನಾ ಕಲ್ಲಿನ ಗುಡಿ ನೋಡ್ಕೊಂತ ಇರಾವ. ನನಗ ಇದರಾಗ ಎಳೀಬ್ಯಾಡ."

ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಅವನು ಪ್ರತಿ ವಾರದಂತೆ ಕಾಗದದಲ್ಲಿ ಮಿರ್ಚಿ ಕಟ್ಟಿಸಿ ತಂದ. ಬಸ್ಸಿನ ಕಿಟಕಿಯಿಂದ ಕೊಟ್ಟು, "ಬರೂ ಆದಿತ್ಯವಾರ ನೀ ಬಾ, ಬೋನಾಳ ಕೆರಿಗೆ ಹೋಗೂಣು. ಹಕ್ಕಿ ಬಂದಾವಂತ," ಅಂದ. ಮತ್ತೆ ಬಹುವಚನಕ್ಕೆ ಏರಬೇಕಾದಷ್ಟು ಜನ ಸುತ್ತ ಇದ್ದರು. ಅವನು ಏರಲಿಲ್ಲ. ಅವಳು ಮಿರ್ಚಿಯ ಕಟ್ಟನ್ನು ಬುತ್ತಿಯ ಪಕ್ಕದಲ್ಲಿಟ್ಟುಕೊಂಡಳು. ಬಸ್ಸು ಹೊರಟ ಮೇಲೂ ಅವನು ಕ್ಯಾಮೆರಾ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಇವತ್ತು ಅವನು ತೆಗೆದ ಚಿತ್ರಗಳಲ್ಲಿ ಅವಳು ತಂಬಿಗೆ ಹಿಡಿದು ಬಾಗಿದ್ದೂ ಇರಬಹುದು ಅನ್ನಿಸಿತು. ಹಸಿರು ಸೀರೆ, ಹಸಿರು ಮಡಿ. ನೋಡಿದವರು ಎಷ್ಟು ಚಂದ ಅಂದಾರು.

ಶಹಾಪುರದಲ್ಲಿ ಬಸ್ಸು ಬದಲಿಸಿ ಯಾದಗಿರಿಯ ದಾರಿ ಹಿಡಿದಾಗ ಬಿಸಿಲು ಓರೆಯಾಗಿತ್ತು. ಬೆಳಿಗ್ಗೆ ಬಂದ ನೆಲವೆಲ್ಲ ಅಷ್ಟರೊಳಗೆ ತಿರುಗುಮುರುಗಾಗಿ ಹಿಂದೆ ಸರಿದಿತ್ತು. ಭತ್ತ, ಆಮೇಲೆ ಹತ್ತಿ, ಆಮೇಲೆ ತೊಗರಿ, ಆಮೇಲೆ ಬರೀ ಬಿಳಿಜೋಳ. ಕಾಲುವೆ ಮಾತ್ರ ರಸ್ತೆಯ ಜೊತೆಗೇ ಬರುತ್ತಿತ್ತು, ಆದರೆ ದೊಡ್ಡ ಮನೆಯಿಂದ ಹೊರಟ ಹಿರಿಯನೊಬ್ಬ ದಾರಿಯಲ್ಲಿ ಒಂದೊಂದೇ ಬಟ್ಟೆ ಕಳಚಿ ಕೊಟ್ಟುಬಂದವನಂತೆ ಸಣ್ಣಗಾಗುತ್ತ, ಸಣ್ಣಗಾಗುತ್ತ, ದೋರನಹಳ್ಳಿಯ ಆಚೆ ಬರೀ ಮೂಳೆಯಾಗಿತ್ತು. ಕಾಂಕ್ರೀಟಿನ ಬಿರುಕಿನಲ್ಲಿ ಎಕ್ಕೆ ಬೆಳೆದಿತ್ತು. ಕುರಿಗಳು ಕಾಲುವೆಯೊಳಗೇ ಸಾಲಾಗಿ ನಡೆದುಹೋಗುತ್ತಿದ್ದವು, ಅದು ತಮಗೇ ಮಾಡಿದ ದಾರಿ ಎಂಬಂತೆ. ಇದು ಅವಳ ಸರಹದ್ದು. ಇಲ್ಲಿಯ ಅಳತೆಯ ಗೆರೆಗಳಿಗೆ ಹೋದ ವರ್ಷ ಅವಳೇ ನಿಂತು ಬಣ್ಣ ಹೊಡೆಸಿದ್ದಳು. ಬಣ್ಣ ಇನ್ನೂ ಹೊಸದಾಗಿತ್ತು, ನೀರು ಅದನ್ನು ಮುಟ್ಟಿಯೇ ಇರಲಿಲ್ಲ. ಬಸ್ಸಿಳಿದು ಬದುವಿನ ಮೇಲೆ ನಡೆಯುವಾಗ ಮಿರ್ಚಿಯ ಕಾಗದ ಎಣ್ಣೆ ಕುಡಿದು ತಣ್ಣಗಾಗಿ ಕೈಗೆ ಅಂಟಿತು.

ಅವಳ ಅಪ್ಪ ಮಲ್ಕಪ್ಪ, ಚರಗ ಚೆಲ್ಲದೆ ಬಿಟ್ಟ ಹೊಲದ ಮೂಲೆಯಲ್ಲಿ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಬುಟ್ಟಿಯ ತಳದಲ್ಲಿ ಎರಡು ಮೂರು ಹಿಡಿ ಚರಗ ಬಟ್ಟೆ ಮುಚ್ಚಿಕೊಂಡು ಕಾಯುತ್ತಿತ್ತು. ಅವ್ವ ಊರೊಳಗಿನ ಬೋರಿನಿಂದ ಕೊಡ ಹೊತ್ತು ತಂದಿದ್ದಳು. ಮೆಣಸಿನ ಗಿಡಗಳಲ್ಲಿ ಕಾಯಿ ಹಣ್ಣಾಗಿದ್ದವು, ಆದರೆ ಎಲೆಗಳು ಅಂಗೈ ಮುಚ್ಚಿಕೊಂಡಂತೆ ಮುರುಟಿದ್ದವು. "ಬಂದ್ಯಾ? ನಿಮ್ಮಪ್ಪ ಹತ್ತು ಸರ್ತಿ ಎದ್ದು ರಸ್ತಾ ನೋಡ್ಯಾನ," ಅಂದಳು ಅವ್ವ. ಬುತ್ತಿ ಬಿಚ್ಚಿ ಕಡುಬು ಮುರಿದು ನೋಡಿ, "ಎಷ್ಟು ಮೆತ್ತಗ ಮಾಡ್ಯಾರ! ಹೊಸ ಟವೆಲ್ ಬ್ಯಾರೆ ಕಟ್ಯಾರ," ಎಂದು ಅದನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡಳು.

"ಹೆಂಗದ ಅವರ ಹೊಲ?" ಅಪ್ಪ ಕೇಳಿದ.

"ಚಂದದ. ನೀರು ಭಾಳ ಅವ."

"ಅದs ಬೇಕಾಗಿತ್ತು ನೋಡು." ಅವನ ಮುಖದಲ್ಲಿ ಬೆಳಕು ಬಂತು. ಎಷ್ಟೋ ತಿಂಗಳಿಂದ ಅವಳು ನೋಡದ ಬೆಳಕು. "ನೀರಿನ ಮನಿಗೆ ಹೊಂಟೀದಿ. ನಿಮ್ಮವ್ವನಂಗ ಕೊಡ ಹೊರೂದು ತಪ್ಪತದ. ನಮ್ಮ ಗಿಡ ಒಣಗಿದ್ರ ಒಣಗವಲ್ಲದ್ಯಾಕ."

ಇದನ್ನು ಅವಳು ಎಣಿಸಿರಲಿಲ್ಲ. ಪೈಪಿನ ಮಾತು ಎತ್ತಿದರೆ ತನಗೆ ಏನು ಹೋಗುತ್ತದೆಂದು ಅವಳು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು. ಬೋನಾಳದ ಹಕ್ಕಿ, ಬೆನ್ನಿನ ಹಿಂದಿನ ಗಾಳಿ, ಆ ಏಕವಚನ. ಇವರ ಆಸೆಯೂ ಹೋಗುತ್ತದೆಂದು ಹೊಳೆದಿರಲಿಲ್ಲ. ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಈ ಬೆಳಕು ಉಳಿಯುತ್ತಿತ್ತು. ಸೋಮವಾರ ಅವರು ಬರುತ್ತಿದ್ದರು, ಅವ್ವ ಇದೇ ಟವೆಲನ್ನು ತೊಳೆದು ತೆಗೆದಿಡುತ್ತಿದ್ದಳು. ಅಪ್ಪ ಎದ್ದು ಬುಟ್ಟಿ ಎತ್ತಿಕೊಂಡ. ಅವ್ವ ಕೊಡದಿಂದ ತಂಬಿಗೆಗೆ ನೀರು ಬಗ್ಗಿಸಿದಳು, ಅರ್ಧಕ್ಕೆ ನಿಲ್ಲಿಸಿ, ಸ್ವಲ್ಪ ಯೋಚಿಸಿ, ಪೂರ್ತಿ ತುಂಬಿದಳು. ಅವಳು ಅರ್ಧಕ್ಕೆ ನಿಲ್ಲಿಸಿದ ಆ ಒಂದು ಗಳಿಗೆಯಲ್ಲಿ ಸೂಗಮ್ಮನಿಗೆ ಪೈಪಿನ ಬಾಯಿಯ ಸಪ್ಪಳ ಕೇಳಿಸಿತು.

"ಅಪ್ಪಾ, ಅವು ನಮ್ಮ ನೀರು."

ಅಪ್ಪ ತಿರುಗಿದ.

"ಅವರ ಹೊಲದಾಗ ಇರೂವು. ಕಾಲುವಿ ಏರಿ ತೂತು ಹಾಕಿ ಪೈಪು ಇಟ್ಟಾರ. ನಾ ಕಣ್ಣಿಲೆ ನೋಡೀನಿ. ಅದರಾಗಿನ ನೀರು ಇದೇ ಕೈಲೆ ತುಂಬಿ ಅವರ ಚರಗಕ್ಕ ಹಾಕೀನಿ." ದನಿ ಒಡೆಯುತ್ತದೆಂದು ಹೆದರಿದ್ದಳು. ಒಡೆಯಲಿಲ್ಲ. "ನಾಳೆ ಕಚೇರ್ಯಾಗ ಬರದು ಕೊಡ್ತೀನಿ, ಪೈಪು ಇಟ್ಟವ್ರೆಲ್ಲಾರ ಹೆಸರು ಹಾಕಿ, ಅವರದೂ ಸೇರಿಸಿ. ತೆಗೀತಾರೋ ಇಲ್ಲೋ ಗೊತ್ತಿಲ್ಲ."

"ಹಂಗಾದ್ರ ಆ ಮನಿ?" ಅಂದಳು ಅವ್ವ. ಮಡಿಲಲ್ಲಿನ ಟವೆಲು ಅವಳ ಕೈಯೊಳಗೆ ಮುದ್ದೆಯಾಗಿತ್ತು. ಅವ್ವ ಅದನ್ನು ನಿಧಾನವಾಗಿ ಬಿಚ್ಚಿ, ಝಾಡಿಸಿ, ಮತ್ತೆ ಬುತ್ತಿಯ ಮೇಲೆಯೇ ಹೊದಿಸಿಟ್ಟಳು.

"ಅವತ್ತು ಕಚೇರ್ಯಾಗ," ಸೂಗಮ್ಮ ಅಪ್ಪನ ಮುಖ ನೋಡಲಾರದೆ ಅವನ ಕಾಲು ನೋಡಿದಳು, "ಒಡಕೊಂಡವ್ರು ನೀವs ಅಂದಿದ್ದೆ. ನೀವಲ್ಲಪ್ಪಾ."

ಹೊತ್ತು ಗುಡ್ಡದ ಅಂಚು ಮುಟ್ಟಿತ್ತು. ಅಪ್ಪ ಒಣಗಿದ ಹೊಲಗಾಲುವೆಯ ಕಡೆ ನೋಡಿದ. ಸಿಟ್ಟೋ ದುಃಖವೋ ಅವಳಿಗೆ ತಿಳಿಯಲಿಲ್ಲ. ಬೆಳಕಂತೂ ಆ ಮುಖದಿಂದ ಹೋಗಿತ್ತು. ಆಮೇಲೆ ಬುಟ್ಟಿಯೊಳಗೆ ಕೈ ಹಾಕಿದ.

"ಹೌದವ್ವ," ಅಂದ.

ಒಂದು ಹಿಡಿ ತೆಗೆದು, ಕತ್ತು ಎತ್ತಿ, ನಾಲ್ಕು ಹೊಲದಾಚೆಗೂ ಕೇಳುವಂತೆ ಕೂಗಿ ಎರಚಿದ. "ಹುಲ್ಲುಲ್ಲಿಗೋ!"

ಅವಳು ಉತ್ತರ ಕೊಟ್ಟಳು. ಮಧ್ಯಾಹ್ನ ಹೊರಡದ ದನಿ ಈಗ ಎಲ್ಲಿಂದ ಬಂತೋ, ಕಾಲುವೆಯೊಳಗಿನ ಕುರಿಗಳು ತಲೆಯೆತ್ತಿ ನೋಡಿದವು. ತಂಬಿಗೆ ಬಾಗಿಸಿದಳು. ನೆಲ ನೀರನ್ನು ನಿಲ್ಲಗೊಡಲಿಲ್ಲ. ಬಿದ್ದಲ್ಲೇ ಕುಡಿದು, ಒಂದು ಕಪ್ಪು ಗುರುತು ಉಳಿಸಿ, ಮತ್ತೆ ಬಾಯಿ ತೆರೆಯಿತು. ಚಿಮುಕಿಸಿದರೆ ಸಾಕಿತ್ತು. ಅವಳು ತಂಬಿಗೆ ಬರಿದಾಗುವ ತನಕ ಹೊಯ್ದಳು.